ಅಭ್ಯಾಸದ ನಿಯಮ, ವಿರತಿಯ ನಿಯಮ

ಪ್ರತಿದಿನವೂ ಒಂದು ಕಾರ್ಯವನ್ನು ತಪ್ಪದೆ ಮಾಡುತ್ತೇನೆಂದು ಸಂಕಲ್ಪಿಸಿ, ಅದನ್ನು ನಡೆಸಿಕೊಂಡು ಬರುವವನನ್ನು ನಿಯಮಸ್ಥನೆಂದು ಕರೆಯುವುದು ಲೋಕರೂಢಿ. ಆದರೆ ಆ ಕಾರ್ಯವು ದೇವದರ್ಶನ, ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ಯಾವುದೂ ಆಗಿರದೆ ಕೇವಲ ವಾದ್ಯವೊಂದರ ಅಭ್ಯಾಸವಾಗಿದ್ದರೆ, ಆ ಸಂಕಲ್ಪಕ್ಕೆ ವ್ರತದ ಗೌರವ ಸಲ್ಲುವುದೆ? ಅದಕ್ಕೂ ಪರ್ವದಿನದ ಉಪವಾಸಕ್ಕೂ ವಿರೋಧ ಒದಗಿದಾಗ ಶ್ರಾವಕನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆ ಗ್ರಂಥದಿಂದ ಹುಟ್ಟಿದುದಲ್ಲ, ನನ್ನ ಮನೆಯಲ್ಲಿಯೇ ಹುಟ್ಟಿದುದು. ಆದ್ದರಿಂದ ನಡೆದುದನ್ನು ಮೊದಲು ನಿವೇದಿಸಿ, ಅನಂತರ ಶಾಸ್ತ್ರದೃಷ್ಟಿಯಿಂದ ವಿಚಾರಿಸುವುದು ಯೋಗ್ಯವೆಂದು ಭಾವಿಸುತ್ತೇನೆ.

ನಾನು ಶಹಾಪುರದ ನಿವಾಸಿ. ಅರುವತ್ತನೆಯ ವಯಸ್ಸಿಗೆ ನೌಕರಿಯಿಂದ ನಿವೃತ್ತನಾದ ಮೇಲೆ ಮನೆಯ ಅಟ್ಟದಲ್ಲಿ ಮೊಮ್ಮಗಳು ಬಿಟ್ಟುಹೋಗಿದ್ದ ವಿದ್ಯುತ್ ಕೀಬೋರ್ಡೊಂದು ಕಣ್ಣಿಗೆ ಬಿತ್ತು. ಪಿಯಾನೊ ವಾದ್ಯದ ಧ್ವನಿಯನ್ನು ಅನುಕರಿಸುವ, ಅರುವತ್ತೊಂದು ಮನೆಗಳ ಸಣ್ಣ ಪೆಟ್ಟಿಗೆ ಅದು. ಬಾಲ್ಯದಲ್ಲಿ ನಾಟಕ ಕಂಪನಿಗಳ ಕಾಲ್ಪೆಟ್ಟಿಗೆಯ ನಾದವನ್ನು ಪರದೆಯ ಪಕ್ಕದಲ್ಲಿ ನಿಂತು ಕೇಳಿದ್ದ ನನಗೆ, ಕಲಿಯಬೇಕೆಂಬ ಹಳೆಯ ಆಸೆ ಮರಳಿ ಮೂಡಿತು. ಯಾದಗಿರಿಯಲ್ಲಿ ಕಲಿಸುವವರೊಬ್ಬರಿದ್ದರು. ವಾರಕ್ಕೊಮ್ಮೆ ಭೀಮಾನದಿಯ ಸೇತುವೆ ದಾಟಿ ಅಲ್ಲಿಗೆ ಹೋಗುವುದು, ಉಳಿದ ದಿನಗಳಲ್ಲಿ ಮನೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡುವುದು ಎಂದು ನಿಶ್ಚಯವಾಯಿತು.

ಮೊದಲಿಗೆ ಅಹಿಂಸೆಯ ದೃಷ್ಟಿಯಿಂದ ವಾದ್ಯವನ್ನೇ ಪರೀಕ್ಷಿಸುವುದು ಅವಶ್ಯವಾಗಿತ್ತು. ಹಿಂದಿನ ಕಾಲದ ಪಿಯಾನೊಗಳಲ್ಲಿ ಬಿಳಿಯ ಮನೆಗಳ ಮೇಲೆ ಆನೆಯ ದಂತದ ತೆಳುಹಾಳೆಯನ್ನು ಅಂಟಿಸುತ್ತಿದ್ದರು. ಒಂದು ವಾದ್ಯದ ಐವತ್ತೆರಡು ಬಿಳಿಯ ಮನೆಗಳ ಸೊಬಗಿನ ಹಿಂದೆ ಪಂಚೇಂದ್ರಿಯ ಜೀವಿಯೊಂದರ ಸಾವು ಅಡಗಿರುತ್ತಿತ್ತು. ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ನಿರ್ಣಯವಾದುದು ೧೯೮೯ರಲ್ಲಿ. ಇಂದಿನ ವಾದ್ಯಗಳ ಮನೆಗಳು ಪ್ಲಾಸ್ಟಿಕ್ಕಿನವು. ಸುರಪುರದಲ್ಲಿರುವ ನನ್ನ ಮಿತ್ರರೊಬ್ಬರು ಇದೇ ವಯಸ್ಸಿನಲ್ಲಿ ಹಾರ್ಮೋನಿಯಂ ಹಿಡಿದವರು. ತಿದಿಯ ಸಂದುಗಳಿಗೆ ಚರ್ಮ ಬಳಸುವ ರೂಢಿಯಿದೆಯೆಂದು ತಿಳಿದು, ಚರ್ಮವಿಲ್ಲದಂತೆ ಮಾಡಿಸಿಕೊಂಡರು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳನ್ನು ಬಲ್ಲ ನಮಗೆ, ಕೊಳ್ಳುವವನೂ ಪಾಪದಲ್ಲಿ ಪಾಲುಗಾರನೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಕಲಿಕೆಯ ವಿಷಯ. ಮಗುವಿನ ಕೈ ಮೃದು, ಕಿವಿ ಎಳೆಯದು. ಎರಡೂ ಕೂಡಿಯೇ ಬೆಳೆಯುತ್ತವೆ. ಪ್ರೌಢನಿಗೆ ಹಾಗಲ್ಲ. ಐವತ್ತು ವರ್ಷ ಸಂಗೀತ ಕೇಳಿದ ಅವನ ಕಿವಿ ಬಹಳ ಮುಂದೆ ಹೋಗಿರುತ್ತದೆ, ಕೈ ಮಾತ್ರ ಇನ್ನೂ ಅ ಆ ಇ ಈ ತಿದ್ದುತ್ತಿರುತ್ತದೆ. ತಾನು ನುಡಿಸುವುದು ಎಷ್ಟು ಅಸಹ್ಯವೆಂದು ಅವನಿಗೇ ಕೇಳಿಸುತ್ತದೆ. ಪ್ರೌಢ ವಿದ್ಯಾರ್ಥಿಯ ಮೊದಲ ಪರೀಷಹವೇ ಇದು. ಉಂಗುರದ ಬೆರಳನ್ನೊಂದೇ ಎತ್ತಲು ಹೋದರೆ ಪಕ್ಕದ ಬೆರಳುಗಳೂ ಏಳುತ್ತವೆ. ಕೈಯ ಹಿಂಬದಿಯಲ್ಲಿ ಆ ಬೆರಳುಗಳ ಸ್ನಾಯುರಜ್ಜುಗಳು ಒಂದಕ್ಕೊಂದು ಪಟ್ಟಿಗಳಿಂದ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಬಲಗೈಯನ್ನು ಬೇರೆಯಾಗಿ, ಎಡಗೈಯನ್ನು ಬೇರೆಯಾಗಿ, ಅತಿ ವಿಲಂಬದಲ್ಲಿ ನುಡಿಸಿ, ಆಮೇಲೆ ಕೂಡಿಸಬೇಕು. ವಾರಕ್ಕೊಮ್ಮೆ ಮೂರೂವರೆ ಗಂಟೆ ಕುಳಿತರೆ ಬಾರದುದು ಪ್ರತಿದಿನ ಅರ್ಧ ಗಂಟೆಯಿಂದ ಬರುತ್ತದೆ. ಕಲಿತುದು ನಡುವಣ ವಿಶ್ರಾಂತಿಯಲ್ಲಿ, ವಿಶೇಷವಾಗಿ ನಿದ್ರೆಯಲ್ಲಿ, ನೆಲೆಗೊಳ್ಳುತ್ತದೆಂದು ಸ್ಮೃತಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಇದೆಲ್ಲವೂ ವ್ರತಪಾಲನೆಗೆ ಎಷ್ಟು ಸಮೀಪವಾಗಿದೆ! ಅಣುವ್ರತದಿಂದ ಆರಂಭ, ಅಲ್ಪವಾದುದರ ನಿತ್ಯಪಾಲನೆ, ಫಲವನ್ನು ಕುರಿತು ತ್ವರೆಯಿಲ್ಲದಿರುವುದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳೆರಡಕ್ಕೂ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ನಮ್ಮ ಆಚಾರ್ಯರು ಸೇರಿಸಿರುವುದರ ಮರ್ಮವನ್ನು ಕೈಬೆರಳುಗಳೂ ಕಲಿಸುತ್ತವೆ. ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ತರುಣನಾಗಿದ್ದಾಗ ಪಿಯಾನೊ ವಾದನದಲ್ಲಿ ಬೇಗನೆ ಸಿದ್ಧಿ ಪಡೆಯಬೇಕೆಂದು ಬೆರಳಿಗೆ ಯಂತ್ರವೊಂದನ್ನು ಕಟ್ಟಿ ಸಾಧನೆ ಮಾಡಿದನು. ಹಾನಿಗೆ ಅದೊಂದೇ ಕಾರಣವೊ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅವನ ಬಲಗೈ ಕೆಟ್ಟು, ವಾದಕನಾಗುವ ಆಸೆಯನ್ನು ಬಿಡಬೇಕಾಯಿತೆಂಬುದು ನಿಜ. ಶಕ್ತಿಯನ್ನು ಮೀರಿದ ಉಪವಾಸದಿಂದ ದೇಹವನ್ನೂ ಪರಿಣಾಮವನ್ನೂ ಕೆಡಿಸಿಕೊಂಡವರನ್ನು ನಾವೂ ಕಂಡಿಲ್ಲವೆ?

ಈ ಸಾದೃಶ್ಯದಿಂದಲೇ ನಾನು ಮೋಸಹೋದೆನು. ಗೋಡೆಯ ಪಂಚಾಂಗದಲ್ಲಿ ಅಭ್ಯಾಸ ಮಾಡಿದ ಪ್ರತಿದಿನಕ್ಕೂ ಒಂದು ಗೆರೆ ಎಳೆಯುತ್ತಿದ್ದೆ. ಗೆರೆಗಳು ನೂರಾದವು, ಇನ್ನೂರು ದಾಟಿದವು. ಭಾದ್ರಪದ ಬಂದಿತು. ದಶಲಕ್ಷಣ ಪರ್ವದ ಕೊನೆಯ ದಿನವಾದ ಅನಂತ ಚತುರ್ದಶಿಯಂದು ಪ್ರೋಷಧೋಪವಾಸ ಕೈಗೊಂಡಿದ್ದೆ. ಹಗಲು ಪೂಜೆ, ಸ್ವಾಧ್ಯಾಯಗಳಲ್ಲಿ ಕಳೆಯಿತು. ರಾತ್ರಿ ಒಂಬತ್ತರ ವೇಳೆಗೆ ಪಂಚಾಂಗ ಕಣ್ಣಿಗೆ ಬಿತ್ತು. ಅಂದಿನ ಮನೆ ಖಾಲಿಯಾಗಿತ್ತು. ಇಷ್ಟು ದಿನ ಪಾಲಿಸಿದ ನಿಯಮ ಭಂಗವಾಗಬಾರದೆಂದು ಮನಸ್ಸು ಹೇಳಿತು. ಕಿವಿಗೆ ಹಾಕಿಕೊಳ್ಳುವ ಸಾಧನವಿದ್ದುದರಿಂದ ನಾದ ಹೊರಗೆ ಕೇಳುವಂತಿರಲಿಲ್ಲ. ಕದ ಮುಚ್ಚಿ ಅರ್ಧ ಗಂಟೆ ನುಡಿಸಿ, ಗೆರೆ ಎಳೆದು ಮಲಗಿದೆನು.

ಮರುದಿನ ಪಾರಣೆಯ ಸಮಯದಲ್ಲಿ ನನ್ನ ಧರ್ಮಪತ್ನಿ ಒಂದೇ ಮಾತು ಕೇಳಿದಳು: "ನಿನ್ನೆಯೂ ಗೆರೆ ಎಳೆದಿರೇನು?" ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಮೂವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗವನ್ನು ಪಾಲಿಸಿಕೊಂಡು ಬಂದವಳು ಅವಳು. ಎಂದೂ ಒಂದು ಗೆರೆಯನ್ನಾಗಲಿ, ಲೆಕ್ಕವನ್ನಾಗಲಿ ಇಟ್ಟವಳಲ್ಲ. ಹಿಂದಿನ ದಿನದ ಪೂಜೆಯನ್ನು ನೆನೆಯಲು ಹೋದೆನು. ನೆನಪಿಗೆ ಬಂದುದು ಎಡಗೈ ತಪ್ಪುತ್ತಿದ್ದ ನಾಲ್ಕು ಸ್ವರಗಳು. ಅನ್ನ ನೀರು ಬಿಟ್ಟಿದ್ದೆನೇ ಹೊರತು ಉಪವಾಸ ಮಾಡಿರಲಿಲ್ಲ. ಆತ್ಮದ ಸಮೀಪದಲ್ಲಿ ವಾಸಿಸುವುದೇ ಉಪವಾಸವೆಂದು ಇತರರಿಗೆ ಹೇಳುತ್ತಿದ್ದ ನಾನು, ಆ ರಾತ್ರಿ ವಾಸವಾಗಿದ್ದುದು ಪಂಚಾಂಗದ ಸಮೀಪದಲ್ಲಿ.

ಹಾಗಾದರೆ ಸಂಗೀತವೇ ದೋಷವೆ? ಹಾಗೆಂದು ನಮ್ಮ ಪರಂಪರೆ ಹೇಳುವುದಿಲ್ಲ. ನಮ್ಮ ಯಾದಗಿರಿಗೆ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನು ಗುರುವೆಂದು ಭಾವಿಸಿದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ, ಆದಿನಾಥ ಪ್ರಭುವು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದಂತೆ, ಪುತ್ರನಾದ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು ಉಪದೇಶಿಸಿದನೆಂದು ನಿರೂಪಿಸಿದ್ದಾರೆ. ಆದರೆ ಅದೇ ಪುರಾಣದಲ್ಲಿ, ಗೀತವಾದ್ಯಗಳ ನಡುವೆ ನರ್ತಿಸುತ್ತಿದ್ದ ನೀಲಾಂಜನೆ ಕಣ್ಣೆದುರಿಗೇ ಅಳಿದುದನ್ನು ಕಂಡು ಪ್ರಭುವಿಗೆ ವೈರಾಗ್ಯವುಂಟಾಯಿತು. ಕಲೆಯನ್ನು ಕಲಿಸಿದವನೂ ಅವನೇ, ಅದರ ಅನಿತ್ಯತೆಯನ್ನು ಕಂಡವನೂ ಅವನೇ. ಗೃಹಸ್ಥನಿಗೆ ಎರಡೂ ಪಾಠಗಳು ಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವಿಷಯವನ್ನು ಇನ್ನೂ ಸ್ಪಷ್ಟಗೊಳಿಸಿದ್ದಾರೆ. ಭೋಗೋಪಭೋಗ ಪರಿಮಾಣವನ್ನು ಹೇಳುವಲ್ಲಿ, ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ ಎಂದು ವಿಂಗಡಿಸಿ, ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ ಮುಂತಾದವುಗಳೊಡನೆ ಸಂಗೀತವನ್ನೂ ಗೀತವನ್ನೂ ಎಣಿಸಿದ್ದಾರೆ. ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿ ಇವುಗಳನ್ನು ಬಿಡುವುದೇ ನಿಯಮ. ಗಮನಿಸಬೇಕಾದುದು ಇಲ್ಲಿಯೇ. ಸಂಗೀತವು ನಿಯಮದಿಂದ ಮಿತಿಗೊಳಿಸಬೇಕಾದ ವಸ್ತು. ನಿಯಮಕ್ಕೆ ಗುರಿಯಾಗುವ ವಸ್ತುವಲ್ಲ. ಪ್ರತಿದಿನ ನುಡಿಸಿಯೇ ತೀರುತ್ತೇನೆಂಬುದು ಪುರುಷಾರ್ಥದ ಸಂಕಲ್ಪವಾದೀತು. ಇಷ್ಟಕ್ಕಿಂತ ಹೆಚ್ಚು ನುಡಿಸೆನು, ಇಂಥ ದಿನ ಮುಟ್ಟೆನು ಎಂಬುದು ವ್ರತದ ಅಂಶ. ದೇವದರ್ಶನ, ಸ್ವಾಧ್ಯಾಯಗಳ ನಿತ್ಯನಿಯಮವೂ ಮಾಡುವ ನಿಯಮವೇ ಅಲ್ಲವೆ ಎಂದು ಕೇಳಬಹುದು. ನಿಜ, ಆದರೆ ಅವು ಕಷಾಯವನ್ನು ಮಂದಗೊಳಿಸಲು ಏರ್ಪಟ್ಟವು. ವಾದ್ಯಾಭ್ಯಾಸವು ತನ್ನಷ್ಟಕ್ಕೆ ಆ ಕೆಲಸ ಮಾಡದು. ಮಿತಿಯಿದ್ದರೆ ಮಾತ್ರ ಮಾಡೀತು.

ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಹೇಳಿದ ಐದೈದು ಅತಿಚಾರಗಳಲ್ಲಿ ಅನಾದರ, ಅಸ್ಮರಣ ಎಂಬ ಎರಡು ಎರಡೂ ಕಡೆ ಬರುತ್ತವೆ. ಮನಸ್ಸಿಲ್ಲದೆ ಮಾಡುವುದು ಒಂದು, ಮಾಡಬೇಕಾದುದನ್ನೇ ಮರೆಯುವುದು ಇನ್ನೊಂದು. ಆ ರಾತ್ರಿ ನನ್ನಲ್ಲಿ ಎರಡೂ ಇದ್ದವು: ವಾದ್ಯದಲ್ಲಿ ಆದರವಿರಲಿಲ್ಲ, ಗೆರೆಯಲ್ಲಿತ್ತು, ಪರ್ವವು ನೆನಪಿನಲ್ಲಿರಲಿಲ್ಲ, ಲೆಕ್ಕವಿತ್ತು. ಕದ ಮುಚ್ಚಿ, ಯಾರಿಗೂ ಕೇಳದಂತೆ ನುಡಿಸಿದುದರಲ್ಲಿ ಮಾಯಾಶಲ್ಯವೂ ಸೇರಿತ್ತು. ಶಲ್ಯರಹಿತನಾದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವಾಗ, ಭಂಗವಾಗದ ಲೆಕ್ಕವನ್ನು ಇಟ್ಟುಕೊಂಡವನೆಂದು ಹೇಳಲಿಲ್ಲ.

ಇಷ್ಟಾದರೂ ಅಭ್ಯಾಸವನ್ನು ಬಿಟ್ಟುಬಿಡುವುದು ಪರಿಹಾರವೆಂದು ನನಗೆ ತೋರಲಿಲ್ಲ. ಮುಪ್ಪಿನಲ್ಲಿ ವಿದ್ಯಾರ್ಥಿಯಾಗುವುದರಿಂದ ಮಾರ್ದವಧರ್ಮಕ್ಕೆ ಸಹಾಯವಿದೆ. ಮೈಸೂರಿನ ಜಯಚಾಮರಾಜ ಒಡೆಯರ ನಿದರ್ಶನ ನೋಡಿರಿ. ಅವರು ತಾರುಣ್ಯದಲ್ಲಿ ಪಿಯಾನೊ ಸಾಧನೆ ಮಾಡಿ, ಲಂಡನ್ನಿನ ಸಂಗೀತ ಸಂಸ್ಥೆಗಳ ಪದವಿಗಳನ್ನು ಪಡೆದವರು. ೧೯೪೦ರಲ್ಲಿ ತಂದೆಯೂ ದೊಡ್ಡಪ್ಪನವರೂ ಒಂದೇ ವರ್ಷ ತೀರಿಕೊಂಡು ಸಿಂಹಾಸನದ ಹೊಣೆ ಬಂದಿತು. ವಾದಕರಾಗಿ ಬಾಳುವ ಹಂಬಲವನ್ನು ಬಿಡಬೇಕಾಯಿತು. ಅನಂತರ, ಅರಸರಾಗಿಯೂ, ಕರ್ನಾಟಕ ಸಂಗೀತವನ್ನು ಮೊದಲಿನಿಂದ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಬಲ್ಲವನು ಮತ್ತೆ ಬಾಲಪಾಠಕ್ಕೆ ಕುಳಿತುಕೊಳ್ಳುವುದು ಸಣ್ಣ ತ್ಯಾಗವಲ್ಲ. ಯಾದಗಿರಿಯಲ್ಲಿ ನನ್ನ ಪಾಠದ ವೇಳೆಗೆ ಎಂಟು ವರ್ಷದ ಬಾಲಕನೊಬ್ಬ ಬರುತ್ತಾನೆ. ನನಗೆ ತಿಂಗಳು ಹಿಡಿದುದು ಅವನಿಗೆ ಒಂದು ವಾರದಲ್ಲಿ ಬರುತ್ತದೆ. ಅವನ ಮುಂದೆ ತಪ್ಪು ನುಡಿಸಿ ಸುಮ್ಮನೆ ಕುಳಿತಿರುವುದರಿಂದ ಮಾನಕಷಾಯಕ್ಕೆ ಬೀಳುವ ಪೆಟ್ಟು ಪ್ರವಚನ ಕೇಳಿದಾಗಲೂ ಬಿದ್ದಿರಲಿಲ್ಲ.

ನನ್ನ ಸಂದೇಹವನ್ನು ಪಾಠ ಹೇಳುವವರಲ್ಲಿ ಅರಿಕೆ ಮಾಡಿಕೊಂಡೆನು. ಅವರು ಜೈನರಲ್ಲ. ವ್ರತದ ವಿಷಯ ಹೇಳದೆ, ಪಿಯಾನೊ ವಾದ್ಯದ ರಚನೆಯನ್ನು ವಿವರಿಸಿದರು. ಮನೆಯನ್ನು ಒತ್ತಿದಾಗ ಉಣ್ಣೆ ಹೊದಿಸಿದ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದೆ ಬೀಳುತ್ತದೆ. ಜೊತೆಗೇ ತಂತಿಯ ಮೇಲಿನ ಒತ್ತುಪಟ್ಟಿ ಮೇಲೇಳುತ್ತದೆ. ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಹಾರ್ಮೋನಿಯಮ್ಮಿನಂತೆ ಗಾಳಿಯೂದಿ ಅದನ್ನು ಹಿಡಿದಿಡುವಂತಿಲ್ಲ. ಬೆರಳೆತ್ತಿದಾಗ ಒತ್ತುಪಟ್ಟಿ ಮತ್ತೆ ಬಿದ್ದು ನಾದ ನಿಲ್ಲುತ್ತದೆ. ಎಲ್ಲರೂ ಒತ್ತುವುದನ್ನೇ ಅಭ್ಯಾಸ ಮಾಡುತ್ತಾರೆ, ಸಕಾಲದಲ್ಲಿ ಬೆರಳೆತ್ತುವುದನ್ನು ಪ್ರೌಢರು ಕಲಿಯುವುದೇ ಕಷ್ಟ, ಎತ್ತದಿದ್ದರೆ ಹಿಂದಿನ ಸ್ವರ ಮುಂದಿನದನ್ನು ಕೆಡಿಸುತ್ತದೆ ಎಂದರು. ವಿರತಿ ಎಂಬ ಪದಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ನನಗೆ ಬೇಕಾಗಲಿಲ್ಲ.

ಆದುದರಿಂದ ಈಗ ನಿಯಮವನ್ನು ಬೇರೆ ರೀತಿಯಲ್ಲಿ ಕೈಗೊಂಡಿದ್ದೇನೆ. ದಿನಕ್ಕೆ ಅರ್ಧ ಗಂಟೆ ಮೀರುವುದಿಲ್ಲ. ಅಷ್ಟಮಿ, ಚತುರ್ದಶಿಗಳಂದೂ ದಶಲಕ್ಷಣ, ಅಷ್ಟಾಹ್ನಿಕ ಪರ್ವಗಳಂದೂ ವಾದ್ಯವನ್ನು ಮುಟ್ಟುವುದಿಲ್ಲ. ಕಾಯಿಲೆಯಿಂದಲೋ ಅತಿಥಿಸತ್ಕಾರದಿಂದಲೋ ಒಂದು ದಿನ ತಪ್ಪಿದರೆ, ಮರುದಿನ ಇಮ್ಮಡಿ ನುಡಿಸಿ ಸರಿದೂಗಿಸುವುದಿಲ್ಲ. ತಪ್ಪಿತೆಂದು ಒಪ್ಪಿ ಮುಂದುವರಿಯುತ್ತೇನೆ. ಅವಧಿ ಒಂದು ವರ್ಷ. ಅನಂತರ ಪುನಃ ವಿಚಾರಿಸುವುದು. ಇದೇ ವಯಸ್ಸಿನಲ್ಲಿ ಯಾವುದಾದರೂ ವಿದ್ಯೆಯನ್ನು ಕೈಗೊಳ್ಳುವ ನಮ್ಮ ಸಗರನಾಡಿನ ಶ್ರಾವಕ ಶ್ರಾವಿಕೆಯರಿಗೆ, ಅದು ಸಂಗೀತವಾಗಲಿ, ಚಿತ್ರಕಲೆಯಾಗಲಿ, ಪರಭಾಷೆಯಾಗಲಿ, ನಾನು ಹೇಳಬಹುದಾದುದು ಇಷ್ಟೇ: ಆರಂಭಿಸುವ ಮೊದಲು ಬಿಡುವ ದಿನಗಳನ್ನು ಗೊತ್ತುಮಾಡಿಕೊಳ್ಳಿರಿ. ಮುಂಚಿತವಾಗಿ ಬಿಟ್ಟ ದಿನ ತಪ್ಪಿದ ದಿನವಲ್ಲ.

ಈ ವರ್ಷದ ಪಂಚಾಂಗ ತಂದ ದಿನ ಪರ್ವತಿಥಿಗಳನ್ನು ಗುರುತಿಸುವ ಕೆಲಸವನ್ನು ಮನೆಯಾಕೆಗೆ ಬಿಟ್ಟುಕೊಟ್ಟೆನು. ಅವಳು ಅವುಗಳ ಸುತ್ತ ಕುಂಕುಮದಿಂದ ಸಣ್ಣ ವೃತ್ತಗಳನ್ನು ಎಳೆದಳು. ನಾನು ಗೆರೆ ಎಳೆಯುವುದನ್ನು ನಿಲ್ಲಿಸಿದ್ದೇನೆ. ಎರಡೂ ಕೈಗಳಿಂದ ಒಂದು ಸ್ತವನದ ಧಾಟಿಯನ್ನು ನುಡಿಸಲು ಈಗ ಬರುತ್ತದೆ. ನಾಲ್ಕನೆಯ ಬೆರಳು ಇನ್ನೂ ಕೆಲವೊಮ್ಮೆ ತಪ್ಪುತ್ತದೆ.