ಏರುವ ವೇತನಕ್ಕೆ ಪರಿಗ್ರಹ ಪರಿಮಾಣ



ಪರಿಗ್ರಹ ಪರಿಮಾಣವೆಂಬ ಐದನೆಯ ಅಣುವ್ರತವು ವರ್ತಕರಿಗೆ ಸಂಬಂಧಿಸಿದುದು, ಸಂಬಳಗಾರನಿಗೆ ಅದರ ಗೊಡವೆಯಿಲ್ಲ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಹೊಳವನಹಳ್ಳಿಯಂತಹ ಊರುಗಳಿಂದ ಬೆಂಗಳೂರು, ಮುಂಬಯಿಗಳ ಹಣಕಾಸು ಸಂಸ್ಥೆಗಳಿಗೆ ಹೋಗುವ ನಮ್ಮ ಮಕ್ಕಳ ವಿಷಯದಲ್ಲಿ ಈ ಭಾವನೆ ಅಪಾಯಕರವಾದುದು.

ಅಲ್ಲಿಯ ಒಂದು ಉದ್ಯೋಗವನ್ನು ನೋಡೋಣ. ಮ್ಯೂಚುಯಲ್ ಫಂಡ್ ಕಂಪನಿಯ ಪರವಾಗಿ ಭವಿಷ್ಯನಿಧಿ ಟ್ರಸ್ಟುಗಳು, ವಿಮಾ ಕಂಪನಿಗಳು ಮೊದಲಾದ ಸಂಸ್ಥೆಗಳನ್ನು ಕಂಡು, ಅವುಗಳ ಹಣವನ್ನು ತಮ್ಮ ಯೋಜನೆಗಳಿಗೆ ಬರಮಾಡಿಕೊಳ್ಳುವುದು. ಷೇರುಗಳನ್ನು ಆರಿಸುವವನು ಬೇರೆ. ಇವನದು ನಂಬಿಕೆಯನ್ನು ಗಳಿಸುವ ಕೆಲಸ. ಕಂಪನಿಯ ಶುಲ್ಕ ನಿಧಿಯ ಮೊತ್ತದ ಮೇಲೆ ಶೇಕಡಾವಾರು ಸಲ್ಲುತ್ತದೆ. ಮಾರುಕಟ್ಟೆ ಕುಸಿದರೆ ತಗ್ಗೀತೇ ಹೊರತು ನಿಲ್ಲದು. ಇವನಿಗೋ ಸಂಬಳದ ಮೇಲೆ ಬೋನಸ್ಸು. ತಂದ ಹಣಕ್ಕೆ ತಕ್ಕಂತೆ ಅದು ಒಂದು ವರ್ಷ ಉಕ್ಕಿ ಬರಬಹುದು, ಮರುವರ್ಷ ಬತ್ತಿಹೋಗಬಹುದು. ವಿಮಾನ, ಹೋಟೆಲು, ರಾತ್ರಿಯ ಔತಣ ಇವೆಲ್ಲ ಜೊತೆಗೆ. ರಾತ್ರಿಭೋಜನ ತ್ಯಾಗಿಗೆ ಅಲ್ಲಿಯೇ ಮೊದಲ ಪರೀಕ್ಷೆ. ಬರಿದೆ ಕುಳಿತು ಮಾತನಾಡಿದರೆ ವ್ಯವಹಾರ ಕೆಡುವುದೆಂದು ನಾನಂತೂ ನಂಬುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿ, ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನಗಳೆಂಬ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಎತ್ತಿನ ಗಾಡಿಯ ಕಾಲದ ಮಾತೆಂದು ಇವನ್ನು ತಳ್ಳಿಹಾಕಬೇಡಿರಿ. ಎತ್ತಿನ ಬದಲು ತನ್ನ ದೇಹವನ್ನೇ ಹಗಲಿರುಳು ಓಡಿಸುವವನೂ ಅತಿವಾಹನಕ್ಕೆ ದೂರದವನಲ್ಲ. ಪಕ್ಕದ ಮೇಜಿನವನ ಬೋನಸ್ಸನ್ನು ಕೇಳಿ ಒಳಗೇ ಬೇಯುವುದು ಅತಿವಿಸ್ಮಯ. ಆ ಕ್ಷಣದಲ್ಲಿ ತನಗೆ ಕೈತುಂಬ ಬಂದುದೂ ಕಡಿಮೆಯಾಗಿ ಕಾಣುತ್ತದೆ.

ಅವನು ತರುವ ಹಣವಾದರೂ ಯಾರದು? 2015ರ ಆಗಸ್ಟಿನಲ್ಲಿ ನೌಕರರ ಭವಿಷ್ಯನಿಧಿ ಸಂಘಟನೆಯು ಹೊಸದಾಗಿ ತೊಡಗಿಸುವ ಮೊತ್ತದ ಶೇ. 5ರಷ್ಟನ್ನು ಷೇರು ಸೂಚ್ಯಂಕದ ನಿಧಿಗಳಿಗೆ ಹಾಕತೊಡಗಿತು. ಕೊಡುವ ಕೈ ಸಂಸ್ಥೆಯದು. ದುಡ್ಡು ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಗಳದು. ಬೋನಸ್ಸಿನ ಆಸೆಯಿಂದ ಅಯೋಗ್ಯ ಯೋಜನೆಯನ್ನು ಹೊಗಳಿದರೆ ಸತ್ಯಾಣುವ್ರತವೂ ಮುರಿಯಿತು. ಈ ಲೋಭವನ್ನು ನಿಯಂತ್ರಕರೂ ಬಲ್ಲರು. ಫಂಡ್ ಕಂಪನಿಗಳ ಪ್ರಮುಖ ಅಧಿಕಾರಿಗಳ, ಅವರಲ್ಲಿ ಮಾರಾಟದ ಮುಖ್ಯಸ್ಥನೂ ಸೇರಿ, ವೇತನದ ಕನಿಷ್ಠ ಶೇ. 20ರಷ್ಟನ್ನು ಅವರದೇ ಯೋಜನೆಗಳ ಯೂನಿಟ್ಟುಗಳಾಗಿ ಕೊಟ್ಟು 3 ವರ್ಷ ಕಟ್ಟಿಡಬೇಕೆಂದು 2021ರಲ್ಲಿ ಸೆಬಿ ವಿಧಿಸಿತು. 2025ರಲ್ಲಿ ಅದನ್ನು ಸಡಿಲಿಸಿ, ವೇತನದ ಶ್ರೇಣಿಗೆ ತಕ್ಕಂತೆ ಮಾಡಿತು.

ಕೈಗೆ ಸಿಗದ ಆ ಯೂನಿಟ್ಟುಗಳು ಪರಿಗ್ರಹವೇ ಎಂದು ಕೇಳಬಹುದು. ನಿಸ್ಸಂದೇಹವಾಗಿ ಪರಿಗ್ರಹವೇ. ಗುತ್ತಿಗೆಗೆ ಕೊಟ್ಟ ಹೊಲವೂ ಒಡೆಯನ ಲೆಕ್ಕದಲ್ಲಿಯೇ ಇರುತ್ತದಲ್ಲವೇ? ಬೋನಸ್ಸು ಬಂದ ಮೇಲೆ ಮಿತಿಯನ್ನು ಗೊತ್ತುಪಡಿಸುವವನು ಮಿತಿಯನ್ನೇ ಹಿಗ್ಗಿಸುತ್ತಾನೆ. ಆದುದರಿಂದ ಅದು ಘೋಷಣೆಯಾಗುವ ಮುನ್ನವೇ ಸಂಕಲ್ಪವಾಗಬೇಕು. ಎಂದೂ ಮುಟ್ಟಲಾಗದ ಕೋಟಿಗಳನ್ನು ಬರೆದುಕೊಳ್ಳುವುದು ವ್ರತವಲ್ಲ. ಮಿತಿಯನ್ನು ಮೀರಿ ಬಂದುದು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಸಲ್ಲಲಿ.

ತಂದೆತಾಯಿಗಳಿಗೂ ಒಂದು ಮಾತು. ವರನನ್ನು ನೋಡಲು ಹೋದಾಗ ನಮ್ಮ ಮೊದಲ ಪ್ರಶ್ನೆ "ಪ್ಯಾಕೇಜು ಎಷ್ಟು?" ಎಂಬುದಾಗಿದೆ. ಹುಡುಗನ ಇಚ್ಛೆಗೆ ಮೇರೆಯಿಲ್ಲದಂತೆ ಮಾಡುವವರು ನಾವೇ. ಬರುವ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದಂದು, ಏಕಾಶನದಲ್ಲಿದ್ದು ಮನೆಯ ಹೊಲ, ಚಿನ್ನ, ಠೇವಣಿ, ಯೂನಿಟ್ಟುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಕೆಳಗೆ ಮಿತಿಯನ್ನು ನಮೂದಿಸಿ ಬಸದಿಯಲ್ಲಿ ನಿಯಮ ಸ್ವೀಕರಿಸಿರಿ. ಮುಂಬಯಿಯಲ್ಲಿರುವ ಮಗನು ತನ್ನ ಹಾಳೆಯನ್ನು ಅಂಚೆಯಲ್ಲಿ ಕಳುಹಿಸಿದರೂ ಆದೀತು.