ಸವಾಲ್ ಮತ್ತು ಸವಾಲು

ಉರ್ದುವಿನಲ್ಲಿ 'ಸವಾಲ್' ಎಂದರೆ ಪ್ರಶ್ನೆ; ಕೇಳುವವನೂ ಬೇಡುವವನೂ 'ಸಾಯಿಲ್'. ಕನ್ನಡಕ್ಕೆ ಬಂದ ಅದೇ ಪದ 'ಸವಾಲು' ಆಗಿ ಪಂಥಾಹ್ವಾನವಾಯಿತು.

2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಕಾವೇರಿದ್ದಾಗ, ಜಾವಗಲ್ಲಿನ ಹೋಟೆಲಿನಲ್ಲಿ ಪರಿಚಿತರೊಬ್ಬರು, "ನಿಮ್ಮ ಹುಡುಗಿಯರಿಗೆ ಓದು ಬೇಕೋ, ಹಿಜಾಬ್ ಬೇಕೋ, ಹೇಳಿ ಸಾಬ್ರೇ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಮೊಬೈಲಿಗೆ ಮರಳಿತ್ತು. ನಾನೂ ಬಿಡಲಿಲ್ಲ. "ಬೇರೆಯವರ ಧರ್ಮಚಿಹ್ನೆಗಳ ಬಗ್ಗೆ ಯಾಕೆ ಕೇಳುವುದಿಲ್ಲ?" ಎಂದೆ. ನನಗೂ ಉತ್ತರ ಬೇಕಿರಲಿಲ್ಲ.

ಆ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅವರಿಗೇ ಒಮ್ಮತ ಸಿಗದ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರ ಮೊದಲೇ ಸಿದ್ಧವಿತ್ತು.

ಉತ್ತರ ಕೇಳಿ ನಾನು ಬದಲಾಗಲೂಬಹುದು ಎಂದು ಒಪ್ಪಿಕೊಂಡವನು ಮಾತ್ರ ಸಾಯಿಲ್. ನಾವಿಬ್ಬರೂ ಸವಾಲೆಸೆದೆವು. ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರನ್ನು ಮಾತ್ರ ಇಬ್ಬರೂ ಕೇಳಲಿಲ್ಲ.