ಕಾಮಜಯ: ಸಂತ ಅಗಸ್ಟೀನನ ಬಾಳಿನಿಂದ ಕೆಲವು ಪಾಠಗಳು

ಅರಿಷಡ್ವರ್ಗಗಳನ್ನು ಎಣಿಸುವಾಗ ಹಿರಿಯರು ಕಾಮವನ್ನೇ ಮೊದಲಿಗೆ ಹೇಳಿದರು. ಇದಕ್ಕೆ ಕಾರಣವುಂಟು. ಕ್ರೋಧ ಬಂದಾಗ ತನಗೆ ಕ್ರೋಧ ಬಂದಿದೆಯೆಂಬುದು ಮನುಷ್ಯನಿಗೆ ಬೇಗನೆ ತಿಳಿಯುತ್ತದೆ. ಕಾಮವಾದರೋ ವೈರಿಯ ವೇಷದಲ್ಲಿ ಬಾರದೆ ನೆಂಟನ ವೇಷದಲ್ಲಿ ಬರುತ್ತದೆ. ಮನೆಯ ಯಜಮಾನನೇ ಕದ ತೆರೆದು ಅದನ್ನು ಒಳಕ್ಕೆ ಕರೆಯುತ್ತಾನೆ. ಈ ವೈರಿಯೊಡನೆ ಹೋರಾಡಿದವರು ಎಲ್ಲ ದೇಶಗಳಲ್ಲಿಯೂ ಎಲ್ಲ ಮತಗಳಲ್ಲಿಯೂ ಇದ್ದಾರೆ. ಕ್ರೈಸ್ತ ಧರ್ಮದ ಮಹನೀಯರು ಈ ವಿಷಯದಲ್ಲಿ ಕಂಡುಕೊಂಡ ಸತ್ಯವು ಶರಣಮಾರ್ಗದಲ್ಲಿ ನಡೆಯುವ ಗೃಹಸ್ಥರಿಗೂ ಮನನಯೋಗ್ಯವಾದುದಾಗಿದೆ.

ಆ ಧರ್ಮದ ಪವಿತ್ರ ಗ್ರಂಥದಲ್ಲಿ ಎರಡು ಕಥೆಗಳಿವೆ. ದಾವೀದನು ಇಸ್ರಾಯೇಲ್ ಜನರ ಅರಸ, ದೈವಭಕ್ತ. ಒಂದು ಸಂಜೆ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದಾಗ, ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ಕಂಡನು. ಆಕೆ ಊರೀಯನೆಂಬ ಯೋಧನ ಪತ್ನಿಯೆಂದು ತಿಳಿದ ಮೇಲೂ ಕರೆಯಿಸಿಕೊಂಡನು. ಪಾಪವನ್ನು ಮುಚ್ಚಿಡಲು ಕಪಟ ಮಾಡಿದನು. ಕಪಟವು ಫಲಿಸದಿರಲು ಊರೀಯನನ್ನು ರಣರಂಗದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದನು. ಒಂದು ನೋಟದಿಂದ ಹೊರಟದ್ದು ಕೊಲೆಯಲ್ಲಿ ಹೋಗಿ ನಿಂತಿತು. ಎರಡನೆಯದು ಯೋಸೇಫನ ಕಥೆ. ಈಜಿಪ್ಟಿನಲ್ಲಿ ದಾಸನಾಗಿದ್ದ ಆ ತರುಣನನ್ನು ಒಡೆಯನ ಹೆಂಡತಿಯು ದಿನದಿನವೂ ಕಾಡಿದಳು. ಕೊನೆಗೊಮ್ಮೆ ಬಟ್ಟೆಯನ್ನು ಹಿಡಿದೆಳೆದಾಗ, ಅದನ್ನು ಆಕೆಯ ಕೈಯಲ್ಲಿಯೇ ಬಿಟ್ಟು ಓಡಿಹೋದನು. ಅದರ ಫಲವಾಗಿ ಅಪವಾದವೂ ಸೆರೆಮನೆಯೂ ಅವನಿಗೆ ದೊರೆತವು. ಮನಸ್ಸು ಮಾತ್ರ ನಿರ್ಮಲವಾಗಿ ಉಳಿಯಿತು. ಅರಸನು ನಿಂತು ನೋಡಿ ಬಿದ್ದನು. ದಾಸನು ನಿಲ್ಲದೆ ಓಡಿ ಗೆದ್ದನು. ಕೆಲವು ಯುದ್ಧಗಳಲ್ಲಿ ಓಟವೇ ವಿಜಯವೆಂಬುದು ಇಲ್ಲಿಯ ತಾತ್ಪರ್ಯ.

ಯೇಸುಸ್ವಾಮಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರಸ್ತ್ರೀಯನ್ನು ಮೋಹದ ದೃಷ್ಟಿಯಿಂದ ನೋಡಿದವನು ಅಂತರಂಗದಲ್ಲಿ ಆಗಲೇ ವ್ಯಭಿಚಾರಿಯಾದನೆಂದು ಬೆಟ್ಟದ ಮೇಲಿನ ಪ್ರವಚನದಲ್ಲಿ ಬೋಧಿಸಿದನು. ಈ ಬೋಧೆಯಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ದೋಷವನ್ನು ಆತನು ಸ್ತ್ರೀಯ ರೂಪದಲ್ಲಿ ಇಡಲಿಲ್ಲ. ನೋಡುವವನ ಕಣ್ಣಿನಲ್ಲಿ, ಕಣ್ಣಿನ ಹಿಂದಿರುವ ಮನಸ್ಸಿನಲ್ಲಿ ಇಟ್ಟನು. ತನ್ನ ಚಾಪಲ್ಯಕ್ಕೆ ಹೆಣ್ಣನ್ನು ಹೊಣೆ ಮಾಡುವ ಹಳೆಯ ಅಭ್ಯಾಸಕ್ಕೆ ಇಲ್ಲಿ ಎಡೆಯಿಲ್ಲ.

ಈ ಬೋಧೆಯನ್ನು ಬಾಳಿನಲ್ಲಿ ತಂದುಕೊಳ್ಳುವುದು ಎಷ್ಟು ಕಠಿನವೆಂಬುದಕ್ಕೆ ಸಂತ ಅಗಸ್ಟೀನನ ಜೀವನವೇ ನಿದರ್ಶನ. ಆತನು ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸ್ ಎಂಬಲ್ಲಿ, ಜನಿಸಿದನು. ತಾಯಿ ಮೋನಿಕಾ ಭಕ್ತೆ. ಮಗನ ಶೀಲಕ್ಕಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದವಳು. ಮಗನಾದರೋ ಹದಿನೇಳನೆಯ ವಯಸ್ಸಿನ ಹೊತ್ತಿಗೆ ವಿದ್ಯಾಭ್ಯಾಸಕ್ಕಾಗಿ ಕಾರ್ಥೇಜ್ ಪಟ್ಟಣವನ್ನು ಸೇರಿ, ಅಲ್ಲಿಯ ಭೋಗಜೀವನದಲ್ಲಿ ಮುಳುಗಿದನು. ವಿವಾಹವಿಲ್ಲದೆಯೇ ಒಬ್ಬ ಸ್ತ್ರೀಯೊಡನೆ ಸಂಸಾರ ಹೂಡಿದನು. ಅದಿಯೋದಾತನೆಂಬ ಮಗನೂ ಹುಟ್ಟಿದನು. ಬುದ್ಧಿಯಲ್ಲಿ ಆತನಿಗೆ ಸರಿಗಟ್ಟುವವರು ವಿರಳ. ಕಾರ್ಥೇಜ್, ರೋಮ್, ಮಿಲಾನ್ ಪಟ್ಟಣಗಳಲ್ಲಿ ವಾಕ್ಚಾತುರ್ಯವನ್ನು ಕಲಿಸುವ ಆಚಾರ್ಯನಾಗಿ ಕೀರ್ತಿ ಗಳಿಸಿದನು. ಜಗತ್ತನ್ನು ತನ್ನ ಮಾತಿನಿಂದ ಗೆಲ್ಲಬಲ್ಲವನಿಗೆ ತನ್ನ ದೇಹವೊಂದನ್ನು ಗೆಲ್ಲಲಾಗಲಿಲ್ಲ. ಸಂಯಮವನ್ನು ಕೊಡೆಂದು ದೇವರನ್ನು ಬೇಡುತ್ತಿದ್ದನು. ಎಲ್ಲಿ ಬೇಗನೆ ಕೊಟ್ಟುಬಿಡುವನೋ ಎಂದು ಒಳಗೊಳಗೇ ಹೆದರುತ್ತಲೂ ಇದ್ದನು! ಈ ಇಬ್ಬಂದಿಯು ಯಾವ ಸಾಧಕನಿಗೆ ಅಪರಿಚಿತ?

ಈ ಬಂಧನದ ಬಗೆಯನ್ನು ಆತನು ಕ್ರಿ. ಶ. 400ರ ಸುಮಾರಿಗೆ ಬರೆದ ಆತ್ಮನಿವೇದನೆಯ ಗ್ರಂಥದಲ್ಲಿ ಸರಪಳಿಯ ದೃಷ್ಟಾಂತದಿಂದ ವಿವರಿಸಿದ್ದಾನೆ. ಮೊದಲು ಇಚ್ಛೆಯು ದಾರಿ ತಪ್ಪುತ್ತದೆ. ದಾರಿ ತಪ್ಪಿದ ಇಚ್ಛೆಯಿಂದ ಕಾಮ ಹುಟ್ಟುತ್ತದೆ. ಕಾಮವನ್ನು ಸೇವಿಸುತ್ತ ಹೋದರೆ ಅದು ಅಭ್ಯಾಸವಾಗುತ್ತದೆ. ಅಭ್ಯಾಸವನ್ನು ತಡೆಯದಿದ್ದರೆ ಅದು ಅನಿವಾರ್ಯವಾಗುತ್ತದೆ. ಕೊಂಡಿಗೆ ಕೊಂಡಿ ಸೇರಿ ಬೆಳೆದ ಈ ಸರಪಳಿಯನ್ನು ಬೇರೆ ಯಾರೂ ತೊಡಿಸಿದ್ದಲ್ಲ. ನಾಳೆ ಬಿಟ್ಟರಾಯಿತೆಂದು ಒಂದೊಂದು ದಿನವನ್ನು ಮುಂದೂಡುವವನು ದಿನಕ್ಕೊಂದು ಕೊಂಡಿಯನ್ನು ಬೆಸೆಯುತ್ತಿರುತ್ತಾನೆ. ಆದುದರಿಂದ ಮೊದಲ ಕೊಂಡಿಯಲ್ಲಿಯೇ ಎಚ್ಚರವಿರಬೇಕು.

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮನಮುಟ್ಟುವ ಪ್ರಸಂಗವು ಮಿಲಾನಿನಲ್ಲಿ ನಡೆಯಿತು. ಅಂತಸ್ತಿಗೆ ತಕ್ಕ ಮನೆತನದ ಕನ್ಯೆಯೊಡನೆ ಅಗಸ್ಟೀನನಿಗೆ ವಿವಾಹ ನಿಶ್ಚಯವಾಯಿತು. ಅದಕ್ಕೆ ಅಡ್ಡಿಯಾದಳೆಂದು, ಹನ್ನೆರಡು ವರ್ಷಗಳಿಗೂ ಮೇಲ್ಪಟ್ಟು ಜೊತೆಯಲ್ಲಿ ಬಾಳಿದ ಆ ಸಂಗಾತಿಯನ್ನು ಆಫ್ರಿಕಕ್ಕೆ ಹಿಂದಿರುಗಿಸಲಾಯಿತು. ಮಗನನ್ನು ತಂದೆಯ ಬಳಿಯಲ್ಲಿ ಬಿಟ್ಟು, ಇನ್ನು ಮುಂದೆ ಬೇರೊಬ್ಬ ಪುರುಷನನ್ನು ಕೂಡುವುದಿಲ್ಲವೆಂದು ದೇವರಲ್ಲಿ ವ್ರತ ತೊಟ್ಟು ಆಕೆ ಹೊರಟುಹೋದಳು. ಆಕೆಯ ಹೆಸರನ್ನು ಸಹ ಆತನು ಬರೆದಿಡಲಿಲ್ಲ. ನಿಶ್ಚಯವಾಗಿದ್ದ ಕನ್ಯೆಗೆ ವಿವಾಹಯೋಗ್ಯ ವಯಸ್ಸಾಗಲು ಇನ್ನೂ ಎರಡು ವರ್ಷ ಕಾಯಬೇಕಾಗಿತ್ತು. ಅಷ್ಟನ್ನೂ ಕಾಯಲಾರದೆ ಆತನು ಮತ್ತೊಬ್ಬಳನ್ನು ತಂದುಕೊಂಡನು. ಆ ಸ್ತ್ರೀಯ ಆದರ್ಶವನ್ನು ಅನುಸರಿಸಲು ತನ್ನಿಂದಾಗಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ಮಹಾಪಂಡಿತನು ಸೋತ ಕಡೆಯಲ್ಲಿ, ಹೆಸರಿಲ್ಲದ ಹೆಣ್ಣೊಬ್ಬಳು ಅವನಿಗಿಂತ ಮೊದಲೇ ಗೆದ್ದಿದ್ದಳು.

ಕಾಮದ ಅತಿ ಘೋರವಾದ ಫಲವು ಇದೇ. ಅದು ಇನ್ನೊಂದು ಜೀವವನ್ನು ಬೇಕಾದಾಗ ತೆಗೆದುಕೊಂಡು ಬೇಡವಾದಾಗ ಇಳಿಸಿಬಿಡುವ ವಸ್ತುವನ್ನಾಗಿ ಮಾಡುತ್ತದೆ. ಅಗಸ್ಟೀನನು ಇದನ್ನು ತಡವಾಗಿಯಾದರೂ ಅರಿತನು. ಮುಂದೆ ವಿವಾಹದ ಶ್ರೇಯಸ್ಸನ್ನು ಕುರಿತು ಬರೆದ ಗ್ರಂಥದಲ್ಲಿ, ತನ್ನ ಅಂತಸ್ತಿಗೆ ಸರಿಯಾದವಳು ಸಿಕ್ಕುವ ತನಕ ಒಬ್ಬಳನ್ನು ಇಟ್ಟುಕೊಳ್ಳುವವನು ಮನಸ್ಸಿನಲ್ಲಿ ವ್ಯಭಿಚಾರಿಯೇ ಸರಿ ಎಂದು ತೀರ್ಪುಕೊಟ್ಟನು. ಅಂಥವನಿಗೆ ನಿಷ್ಠಳಾಗಿ ಉಳಿದ ಸ್ತ್ರೀಯನ್ನು ಹಾಗೆ ಕರೆಯಲು ಹಿಂಜರಿದನು. ಆ ತೀರ್ಪು ಯಾರ ಮೇಲೆ ಬಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕ್ರಿ. ಶ. 386ರಲ್ಲಿ ಆತನ ಬಾಳು ತಿರುಗಿತು. ಈಜಿಪ್ಟಿನ ಮರುಭೂಮಿಯ ತಪಸ್ವಿ ಅಂತೋನಿಯ ವೃತ್ತಾಂತವನ್ನು ಅತಿಥಿಯೊಬ್ಬನು ಹೇಳಿದನು. ಓದುಬರಹವಿಲ್ಲದವರು ಗೆದ್ದರು, ಓದಿದ ತಾವು ಬಿದ್ದಿದ್ದೇವೆ ಎಂಬ ನಾಚಿಕೆಯು ಅಗಸ್ಟೀನನನ್ನು ಸುಟ್ಟಿತು. ಮನೆಯ ತೋಟದಲ್ಲಿ ಅಂಜೂರದ ಮರದ ಕೆಳಗೆ ಬಿದ್ದು ಅತ್ತನು. ಪಕ್ಕದ ಮನೆಯಿಂದ, ಎತ್ತಿಕೊಂಡು ಓದೆಂದು ಮಗುವಿನ ದನಿಯೊಂದು ಕೇಳಿದಂತಾಯಿತು. ಸಂತ ಪೌಲನ ಪತ್ರಗಳ ಪುಸ್ತಕವನ್ನು ತೆರೆದಾಗ, ಕುಡಿತವನ್ನೂ ಕಾಮಕೇಳಿಯನ್ನೂ ತೊರೆದು ಕ್ರಿಸ್ತನನ್ನೇ ಧರಿಸಿಕೊಳ್ಳಬೇಕೆಂಬ ಉಪದೇಶವು ಕಣ್ಣಿಗೆ ಬಿತ್ತು. ಸಂಶಯವು ಕರಗಿತು. ಮರುವರ್ಷ ಬಿಷಪ್ ಅಂಬ್ರೋಸನಿಂದ ಆತನು ದೀಕ್ಷಾಸ್ನಾನ ಪಡೆದನು. ಮುಂದೆ ಹಿಪ್ಪೋ ಪಟ್ಟಣದ ಬಿಷಪ್ಪನಾಗಿ 430ರಲ್ಲಿ ದೇಹವಿಟ್ಟನು.

ಇಷ್ಟಾದರೂ ಯುದ್ಧವು ಮುಗಿಯಿತೆಂದು ಆತನು ಜಂಬಪಡಲಿಲ್ಲ. ಹಳೆಯ ಚಿತ್ರಗಳು ಇನ್ನೂ ಸ್ವಪ್ನದಲ್ಲಿ ಕಾಡುತ್ತವೆಯೆಂದು ಬಿಷಪ್ಪನಾದ ಮೇಲೆಯೂ ನಿರ್ವಂಚನೆಯಿಂದ ಬರೆದನು. ಸಂಯಮವು ತನ್ನ ಬಲದ ಗಳಿಕೆಯಲ್ಲ, ದೇವರು ಕೊಡುವ ಕೃಪೆ ಎಂಬುದು ಆತನ ದೃಢ ನಿಲುವು. ಕಾಮವನ್ನು ಗೆದ್ದೆನೆಂಬ ಅಹಂಕಾರವು ಕಾಮಕ್ಕಿಂತಲೂ ದೊಡ್ಡ ಶತ್ರು.

ಹಾಗಾದರೆ ದೇಹವೇ ಹೊಲೆಯೇ, ದಾಂಪತ್ಯವೇ ಪಾಪವೇ? ಅಲ್ಲ. ದೇಹವನ್ನು ಕತ್ತಲೆಯ ಸೃಷ್ಟಿಯೆಂದು ಹಳಿಯುವ ಮಾನೀ ಪಂಥದಲ್ಲಿ ಅಗಸ್ಟೀನನು ಒಂಬತ್ತು ವರ್ಷವಿದ್ದು, ಅದನ್ನು ಅಸತ್ಯವೆಂದು ಬಿಟ್ಟುಬಂದವನು. ವಿವಾಹದಲ್ಲಿ ಸಂತಾನ, ಪರಸ್ಪರ ನಿಷ್ಠೆ, ಬಿಡಿಸಲಾಗದ ಪವಿತ್ರ ಬಂಧ ಎಂಬ ಮೂರು ಶ್ರೇಯಸ್ಸುಗಳನ್ನು ಆತನು ಕಂಡನು. ಪತ್ನಿಯ ದೇಹದ ಮೇಲೆ ಪತಿಗಿರುವಷ್ಟೇ ಅಧಿಕಾರವು ಪತಿಯ ದೇಹದ ಮೇಲೆ ಪತ್ನಿಗಿದೆಯೆಂದು ಸಂತ ಪೌಲನು ಬೋಧಿಸಿದ್ದನು. ಇದನ್ನು ಹಿಡಿದು, ಹೆಂಡತಿಯಲ್ಲಿ ಶೀಲವನ್ನು ಬಯಸಿ ತಾವು ಮಾತ್ರ ಸಡಿಲವಾಗಿ ನಡೆಯುವ ಗಂಡಂದಿರನ್ನು ಅಗಸ್ಟೀನನು ಪ್ರವಚನಗಳಲ್ಲಿ ಕಟುವಾಗಿ ಖಂಡಿಸಿದನು. 410ರಲ್ಲಿ ರೋಮ್ ನಗರವು ಸೂರೆಹೋದಾಗ ಬಲಾತ್ಕಾರಕ್ಕೆ ಗುರಿಯಾದ ಸ್ತ್ರೀಯರ ಪರವಾಗಿಯೂ ನಿಂತನು. ಶೀಲವು ಮನಸ್ಸಿನ ಗುಣ. ಒಪ್ಪದ ಮನಸ್ಸನ್ನು ಪರರ ಪಾಪವು ಮಲಿನಗೊಳಿಸಲಾರದು. ದೋಷವೆಲ್ಲ ಬಲಾತ್ಕಾರಿಯದೇ ಎಂದು ದೇವನಗರವನ್ನು ಕುರಿತ ತನ್ನ ಗ್ರಂಥದಲ್ಲಿ ಸಾರಿದನು.

ಗೃಹಸ್ಥನಾದವನು ಇದರಿಂದ ಕಲಿಯಬೇಕಾದುದೇನು? ಅದೇ ಕಾಲದ ತಪಸ್ವಿ ಇವಾಗ್ರಿಯನ ಬೋಧೆಯೊಂದು ಇಲ್ಲಿ ಸಹಾಯಕವಾಗಿದೆ. ಕೆಟ್ಟ ಯೋಚನೆಯು ಬಂದು ಕಾಡುವುದನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಅದು ಮನಸ್ಸಿನಲ್ಲಿ ತಂಗುವುದೂ ತಂಗದಿರುವುದೂ ಅವನ ಕೈಯಲ್ಲಿದೆ. ಆದುದರಿಂದ ಯೋಚನೆ ಬಂದಿತೆಂದು ಹತಾಶನಾಗಬಾರದು. ಬಂದುದಕ್ಕೆ ಮಣೆ ಹಾಕಿ ಕೂರಿಸಲೂ ಬಾರದು. ಕಣ್ಣಿಗೆ ಕಾವಲು, ಕೈಗೆ ಕಾಯಕ, ಊಟದಲ್ಲಿ ಮಿತಿ, ಸಜ್ಜನರ ಸಂಗ, ನಿತ್ಯಪ್ರಾರ್ಥನೆ ಇವು ಐದು ಕೋಟೆಗಳು. ಬಿದ್ದಾಗ ಮುಚ್ಚಿಡದೆ ಗುರುವಿನ ಮುಂದೆ ಹೇಳಿಕೊಳ್ಳುವುದು ಆರನೆಯದು. ದಾವೀದನು ಕೊಲೆಗಾರನಾದದ್ದು ಮುಚ್ಚಿಡಲು ಹೋದುದರಿಂದಲೇ. ಮನೆಯಲ್ಲಿರುವ ಸತಿಯನ್ನು ಭೋಗವಸ್ತುವೆಂದು ಬಗೆಯದೆ, ದೇವರ ಮುಂದೆ ತನಗೆ ಸಮಳಾದ ಆತ್ಮವೆಂದು ಕಾಣುವವನು ಹೊರಗಿನ ಹೆಣ್ಣನ್ನೂ ಹಾಗೆಯೇ ಕಾಣಬಲ್ಲನು. ಆ ದೃಷ್ಟಿಯು ನೆಲೆಗೊಂಡಲ್ಲಿ ಕಾಮವು ಪ್ರೇಮವಾಗಿ ಮಾರ್ಪಡುತ್ತದೆ. ಸದ್ಭಕ್ತರೆಲ್ಲರಿಗೂ ಅಂಥ ನಿರ್ಮಲ ದೃಷ್ಟಿಯು ಲಭಿಸಲಿ.